ವಿಂಡೋ ಮ್ಯಾನೇಜರ್ ಒಳಗೇ ಸಿಸ್ಟಂ ಟ್ರೇ ಬೇಕಾ? ಆರಿಸುವ ಮುಂಚೆ ನೋಡಬೇಕಾದದ್ದು

ಲಿನಕ್ಸ್‌ನಲ್ಲಿ ಗ್ನೋಮ್, ಕೆಡಿಇಯಂಥ ಪೂರ್ತಿ ಡೆಸ್ಕ್‌ಟಾಪ್ ಯಾವುದೂ ಬೇಡ, ವಿಂಡೋಗಳನ್ನು ಜೋಡಿಸಿ ನೋಡಿಕೊಳ್ಳುವ ಬರೀ ಒಂದು ವಿಂಡೋ ಮ್ಯಾನೇಜರ್ ಸಾಕು ಅಂತ ಹೊರಟವರಿಗೆ ಮೊದಲ ದಿನವೇ ಒಂದು ಕೊರತೆ ಎದ್ದು ಕಾಣುತ್ತದೆ. ಕಂಪ್ಯೂಟರ್ ಬೇಗ ಏಳುತ್ತದೆ, ವಿಂಡೋಗಳು ಚಕಚಕ ತೆರೆದುಕೊಳ್ಳುತ್ತವೆ. ಆದರೆ ಮೂಲೆಯಲ್ಲಿ ಇರುತ್ತಿದ್ದ ವೈಫೈ ಗುರುತು ಇಲ್ಲ. ಟೆಲಿಗ್ರಾಂ ವಿಂಡೋ ಮುಚ್ಚಿದರೆ ಅದು ಇನ್ನೂ ಓಡುತ್ತಿದೆಯಾ, ನಿಂತಿದೆಯಾ ಗೊತ್ತಾಗುವುದಿಲ್ಲ. ಕೀಬೋರ್ಡ್ ಈಗ ಕನ್ನಡದಲ್ಲಿದೆಯಾ, ಇಂಗ್ಲಿಷ್‌ನಲ್ಲಿದೆಯಾ ಅಂತ ಒಂದಕ್ಷರ ಒತ್ತಿಯೇ ತಿಳಿಯಬೇಕು.

ಇದಕ್ಕೆಲ್ಲ ಜಾಗ ಕೊಡುವುದು ಸಿಸ್ಟಂ ಟ್ರೇ. ವಿಂಡೋಸ್ 95ರಲ್ಲಿ ಗಡಿಯಾರದ ಪಕ್ಕ ಬಂದ ಆ ಪುಟ್ಟ ಜಾಗ ಎಲ್ಲರಿಗೂ ರೂಢಿಯಾಯಿತು. ಲಿನಕ್ಸ್‌ನಲ್ಲಿ ಮಾತ್ರ ಅದನ್ನು ಯಾರು ಒದಗಿಸಬೇಕು ಎಂಬ ವಿಚಾರ ಇನ್ನೂ ಬಗೆಹರಿದಿಲ್ಲ. ಕೆಲವು ವಿಂಡೋ ಮ್ಯಾನೇಜರ್‌ಗಳು ಟ್ರೇಯನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಕೆಲವು ಜೊತೆಗೊಂದು ಬಾರ್, ಅಂದರೆ ಪರದೆಯ ಅಂಚಿನ ಪಟ್ಟಿ, ಕೊಡುತ್ತವೆ, ಟ್ರೇ ಅದರಲ್ಲಿರುತ್ತದೆ. ಇನ್ನು ಕೆಲವು 'ನಿಮಗೆ ಬೇಕಾದ್ದನ್ನು ನೀವೇ ತಂದು ಹಾಕಿಕೊಳ್ಳಿ' ಅನ್ನುತ್ತವೆ. ಟ್ರೇ ಎಂಬುದೇ ಬೇಡ ಅನ್ನುವವರೂ ಇದ್ದಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರೇ ವಿಂಡೋ ಮ್ಯಾನೇಜರ್ ಜೊತೆಗೇ ಬರಬೇಕು, ಹಾಕಿದ ತಕ್ಷಣ ಕೆಲಸ ಮಾಡಬೇಕು, ಬೇಡದವರು ಒಂದು ಸಾಲಿನಲ್ಲಿ ತೆಗೆದುಹಾಕುವಂತಿರಬೇಕು. ಆದರೆ ಅದು ಮ್ಯಾನೇಜರ್ ಒಳಗೆ ಓಡಬಾರದು, ಬೇರೆಯೇ ಪ್ರೋಗ್ರಾಂ ಆಗಿ ಓಡಬೇಕು. ಎಲ್ಲರಿಗೂ ಇದೇ ಸರಿ ಅನ್ನುತ್ತಿಲ್ಲ. ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ನಾನೇ ಬೇರೆ ದಾರಿ ಹೇಳುತ್ತೇನೆ.

ಟ್ರೇ ಯಾರಿಗೆ ಬೇಕು

ವೈಫೈ, ಬ್ಯಾಟರಿ, ಧ್ವನಿ, ಗಡಿಯಾರ ಇವಕ್ಕೆ ಟ್ರೇ ಬೇಕೇ ಬೇಕು ಅಂತೇನಿಲ್ಲ. ಇವನ್ನೆಲ್ಲ ಯಾವ ಸ್ಟೇಟಸ್ ಬಾರ್ ಬೇಕಾದರೂ ಅಕ್ಷರದಲ್ಲಿ ತೋರಿಸುತ್ತದೆ. ವೈಫೈ ಬದಲಿಸಲು ಟರ್ಮಿನಲ್‌ನಲ್ಲಿ ಎನ್‌ಎಂಟಿಯುಐ ಇದೆ, ಬ್ಲೂಟೂತ್‌ಗೆ ಬ್ಲೂಟೂತ್‌ಸಿಟಿಎಲ್ ಇದೆ. ಅಷ್ಟಕ್ಕೆ ಟ್ರೇ ಹುಡುಕಿಕೊಂಡು ಅಲೆಯುವುದು ಬೇಡ.

ನಿಜವಾಗಿ ಟ್ರೇ ಬೇಕಾಗುವುದು ಹಿನ್ನೆಲೆಯಲ್ಲಿ ಕೂತು ಕೆಲಸ ಮಾಡುವ ಆ್ಯಪ್‌ಗಳಿಗೆ. ನೆಕ್ಸ್ಟ್‌ಕ್ಲೌಡ್ ಫೈಲ್‌ಗಳನ್ನು ಸರಿಯಾಗಿ ಸಿಂಕ್ ಮಾಡುತ್ತಿದೆಯಾ, ಕೀಪಾಸ್‌ಎಕ್ಸ್‌ಸಿ ಬೀಗ ಹಾಕಿದೆಯಾ ತೆಗೆದಿದೆಯಾ, ಕಚೇರಿಯ ವಿಪಿಎನ್ ಕಡಿದುಹೋಗಿದೆಯಾ, ಡಿಸ್ಕಾರ್ಡ್‌ನಲ್ಲಿ ಮೆಸೇಜ್ ಬಂದಿದೆಯಾ. ಇಂಥವನ್ನು ಆಯಾ ಆ್ಯಪ್ ಬಿಟ್ಟು ಬೇರೆ ಯಾರೂ ಹೇಳಲಾರರು. ಅದರಲ್ಲೂ 'ಮುಚ್ಚಿದರೆ ಟ್ರೇಗೆ ಹೋಗು' ಎಂಬ ಸೆಟ್ಟಿಂಗ್ ಇರುವ ಆ್ಯಪ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಟ್ರೇ ಇಲ್ಲದ ಕಡೆ ಅವನ್ನು ಮುಚ್ಚಿದರೆ ವಿಂಡೋ ಹೋಗುತ್ತದೆ, ಆ್ಯಪ್ ಉಳಿಯುತ್ತದೆ, ಮರಳಿ ಕರೆಯಲು ಕೈಗೆ ಏನೂ ಸಿಗುವುದಿಲ್ಲ. ಹೆಚ್ಚಿನವು ಇನ್ನೊಮ್ಮೆ ತೆರೆದಾಗ ಹಳೆಯ ವಿಂಡೋವನ್ನೇ ಮುಂದೆ ತರುತ್ತವೆ. ತರದಿದ್ದರೆ ಪ್ರೋಸೆಸ್ ಹುಡುಕಿ ಕೊಲ್ಲಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಹತ್ತಿರದ ವಿಷಯ. ಲಿನಕ್ಸ್‌ನಲ್ಲಿ ನಮ್ಮಲ್ಲಿ ಬಹಳ ಜನ ಕನ್ನಡ ಟೈಪಿಸಲು ಐಬಸ್ ಅಥವಾ ಎಫ್‌ಸಿಟಿಎಕ್ಸ್ 5 ಬಳಸುತ್ತೇವೆ, ಅದರೊಳಗೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹದ ಕೆಜಿಪಿ, ಐಟ್ರಾನ್ಸ್ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸ. ಈಗ ಯಾವುದು ನಡೆಯುತ್ತಿದೆ ಎಂದು ತೋರಿಸುವ ಗುರುತು ಇರುವುದು ಟ್ರೇಯಲ್ಲೇ. ಇಡೀ ದಿನ ಎರಡು ಭಾಷೆಗಳ ನಡುವೆ ಓಡಾಡುವವರಿಗೆ ಆ ಗುರುತು ಇಲ್ಲದಿದ್ದರೆ ಎಷ್ಟು ಕಿರಿಕಿರಿ ಅನ್ನುವುದು ಪಾಸ್‌ವರ್ಡ್ ಜಾಗದಲ್ಲಿ ಕನ್ನಡ ಅಕ್ಷರ ಬಿದ್ದಾಗ ಗೊತ್ತಾಗುತ್ತದೆ. ಅಲ್ಲಿ ಬರೀ ಚುಕ್ಕಿಗಳೇ ಕಾಣುವುದು, ಅಲ್ವಾ. ಇಂಗ್ಲಿಷ್ ಒಂದನ್ನೇ ಬರೆಯುವ ಪ್ರೋಗ್ರಾಮರ್ 'ಟ್ರೇ ಯಾರಿಗೆ ಬೇಕು' ಅಂತ ಸುಲಭವಾಗಿ ಕೇಳಿಬಿಡಬಹುದು. ಕನ್ನಡ, ಹಿಂದಿ, ಚೈನೀಸ್, ಜಪಾನೀಸ್ ಬರೆಯುವವರ ಮಟ್ಟಿಗೆ ಅದು ದಿನಬಳಕೆಯ ವಸ್ತು.

ಮೊದಲು ಎರಡು ಪದ್ಧತಿ ತಿಳಿದಿರಲಿ

'ಒಳಗಾ, ಹೊರಗಾ' ಎಂಬ ಪ್ರಶ್ನೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಟ್ರೇ ಯಾವ ಪದ್ಧತಿಯದು? ಲಿನಕ್ಸ್‌ನಲ್ಲಿ ಎರಡಿವೆ, ಒಂದರ ಐಕಾನ್ ಇನ್ನೊಂದರಲ್ಲಿ ಬರುವುದಿಲ್ಲ. 'ಟ್ರೇ ಇದೆ, ಆದರೂ ನನ್ನ ಐಕಾನ್ ಬರುತ್ತಿಲ್ಲ' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಹಳೆಯದು ಎಕ್ಸ್‌ಎಂಬೆಡ್. 2002ರ ಸುಮಾರಿಗೆ ಫ್ರೀಡೆಸ್ಕ್‌ಟಾಪ್ ಬಳಗದಲ್ಲಿ ಇದರ ನಿಯಮ ಬರೆದರು. ಇದರಲ್ಲಿ ಐಕಾನ್ ಅನ್ನುವುದು ಬರೀ ಚಿತ್ರವಲ್ಲ, ಆ್ಯಪ್‌ನದ್ದೇ ಒಂದು ಪುಟ್ಟ ವಿಂಡೋ. ಟ್ರೇ ಅದನ್ನು ತನ್ನೊಳಗೆ ಕೂರಿಸಿಕೊಳ್ಳುತ್ತದೆ ಅಷ್ಟೇ. ಬಾಡಿಗೆಗೆ ಕೋಣೆ ಕೊಟ್ಟ ಹಾಗೆ: ಜಾಗ ಟ್ರೇಯದ್ದು, ಒಳಗೆ ಬಣ್ಣ ಬಳಿಯುವುದು, ಬಾಗಿಲು ತಟ್ಟಿದರೆ ಓಗೊಡುವುದು ಎಲ್ಲ ಆ್ಯಪ್‌ನದ್ದೇ. ಆದ್ದರಿಂದಲೇ ಬಾರ್ ಕಪ್ಪಗಿದ್ದರೂ ಕೆಲವು ಐಕಾನ್‌ಗಳ ಹಿಂದೆ ಬೇರೆ ಬಣ್ಣದ ಚೌಕ ಕಾಣುವುದು, ಹೆಚ್ಚು ರೆಸಲ್ಯೂಶನ್‌ನ ಪರದೆಯಲ್ಲಿ ಒಂದು ಐಕಾನ್ ದೊಡ್ಡದು, ಇನ್ನೊಂದು ಸಾಸಿವೆ ಕಾಳಿನಷ್ಟು ಆಗುವುದು. ಇನ್ನೊಂದು ಮುಖ್ಯ ನಿಯಮ: ಎಕ್ಸ್ ಅಥವಾ ಎಕ್ಸ್11 (ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ) ಪರದೆ ಒಂದಕ್ಕೆ ಒಂದೇ ಟ್ರೇ. ಯಾರು ಮೊದಲು ಆ ಹಕ್ಕು ಹಿಡಿದರೋ ಅವರದ್ದೇ. ಎರಡು ಮಾನಿಟರ್ ಇಟ್ಟು ಎರಡರಲ್ಲೂ ಬಾರ್ ಹಾಕಿದರೂ ಐಕಾನ್‌ಗಳು ಒಂದರಲ್ಲಿ ಮಾತ್ರ ಬರುತ್ತವೆ.

ಹೊಸದು ಸ್ಟೇಟಸ್ ನೋಟಿಫೈಯರ್ ಐಟಂ, ಚಿಕ್ಕದಾಗಿ ಎಸ್‌ಎನ್‌ಐ. 2009ರ ಹೊತ್ತಿಗೆ ಕೆಡಿಇ ಬಳಗ ಇದನ್ನು ತಂದಿತು. 2010ರಲ್ಲಿ ಉಬುಂಟು 10.04 ತನ್ನ ಆ್ಯಪ್‌ಇಂಡಿಕೇಟರ್‌ಗಳನ್ನು ಇದರ ಮೇಲೆಯೇ ಕಟ್ಟಿತು. ಇಲ್ಲಿ ಆ್ಯಪ್ ಯಾವ ವಿಂಡೋವನ್ನೂ ಕೊಡುವುದಿಲ್ಲ. 'ನನ್ನ ಹೆಸರು ಇದು, ಐಕಾನ್ ಇದು, ಮೆನು ಇದು' ಅಂತ ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಮೂಲಕ ತಿಳಿಸುತ್ತದೆ. ಬಾರ್ ಅದನ್ನು ಓದಿ ತನ್ನ ಬಣ್ಣದಲ್ಲಿ, ತನ್ನ ಅಳತೆಯಲ್ಲಿ ತಾನೇ ಬರೆಯುತ್ತದೆ. ಒಂದೇ ಐಕಾನ್‌ನ್ನು ಮೂರು ಮಾನಿಟರ್‌ನಲ್ಲೂ ತೋರಿಸಬಹುದು. ಒಳ್ಳೆಯದೇ, ಆದರೆ ಹೊರೆ ಬಾರ್ ಮೇಲೆ ಬಿತ್ತು. ಮೆನು ಬಿಡಿಸಬೇಕು, ಐಕಾನ್ ಥೀಮ್ ಹುಡುಕಬೇಕು, ಡಿ-ಬಸ್ ಮಾತಾಡಬೇಕು. ನಾಲ್ಕು ಸಾಲಿನ ಚಿಕ್ಕ ಬಾರ್‌ಗೆ ಇದು ಸಣ್ಣ ಕೆಲಸವಲ್ಲ. ಸ್ವೇ ಎಂಬ ವಿಂಡೋ ಮ್ಯಾನೇಜರ್‌ನ ಬಾರ್ ಆದ ಸ್ವೇಬಾರ್‌ನಲ್ಲಿ ಐಕಾನ್‌ಗಳು ಬಂದರೂ ಬಲ ಕ್ಲಿಕ್ ಮೆನು ಬಹುಕಾಲ ಬರದೇ ಇದ್ದದ್ದು ಇದೇ ಕಾರಣಕ್ಕೆ.

ಕಾಲ ಯಾವ ಕಡೆ ಹೋಗುತ್ತಿದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆ್ಯಪ್ ಕಟ್ಟುವ ಟೂಲ್‌ಕಿಟ್ ಆದ ಜಿಟಿಕೆಯಲ್ಲಿ ಹಳೆಯ ಪದ್ಧತಿಯ ಐಕಾನ್ ಸೌಲಭ್ಯವನ್ನು 2014ರಲ್ಲೇ 'ಇನ್ನು ಬಳಸಬೇಡಿ' ಪಟ್ಟಿಗೆ ಹಾಕಿದರು. 2020ರಲ್ಲಿ ಬಂದ ಜಿಟಿಕೆ 4ರಲ್ಲಿ ಅದು ಇಲ್ಲವೇ ಇಲ್ಲ. ಕೆಡಿಇ ಪ್ಲಾಸ್ಮಾ 5 ಕೂಡ 2014ರಲ್ಲಿ ಎಕ್ಸ್‌ಎಂಬೆಡ್ ಕೈಬಿಟ್ಟಿತು. ಜನರ ಐಕಾನ್‌ಗಳು ಕಾಣೆಯಾದವು. ಕೊನೆಗೆ 2015ರ ಡಿಸೆಂಬರ್‌ನಲ್ಲಿ ಪ್ಲಾಸ್ಮಾ 5.5 ಜೊತೆ ಹಳೆಯದನ್ನು ಹೊಸದಕ್ಕೆ ತರ್ಜುಮೆ ಮಾಡುವ ಒಂದು ಪುಟ್ಟ ಪ್ರೋಗ್ರಾಂ ಸೇರಿಸಬೇಕಾಯಿತು. ಟ್ರೇ ತೆಗೆಯುವುದು ಹೇಳಿದಷ್ಟು ಸುಲಭವಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಮ್ಯಾನೇಜರ್ ಒಳಗೇ ಟ್ರೇ ಇದ್ದರೆ

ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಫ್ಲಕ್ಸ್‌ಬಾಕ್ಸ್, ಆಸಮ್, ಕ್ಯೂಟೈಲ್ ಇವೆಲ್ಲ ಈ ಗುಂಪಿನವು. ಟಾಸ್ಕ್‌ಬಾರ್, ಮೆನು, ಟ್ರೇ ಎಲ್ಲ ಒಂದೇ ಪ್ರೋಗ್ರಾಂನಲ್ಲಿ ಬರುತ್ತವೆ.

ಇದರ ದೊಡ್ಡ ಲಾಭ ಕ್ರಮದ್ದು. ಲಾಗಿನ್ ಆದಾಗ ವಿಂಡೋ ಮ್ಯಾನೇಜರ್ ಏಳುತ್ತದೆ, ಅದರ ಜೊತೆಗೇ ಟ್ರೇ ಸಿದ್ಧವಾಗುತ್ತದೆ, ಆಮೇಲೆ ಆಟೋಸ್ಟಾರ್ಟ್ ಆ್ಯಪ್‌ಗಳು ಬರುತ್ತವೆ. ಟ್ರೇ ಬೇರೆಯಾಗಿದ್ದರೆ ಈ ಓಟದಲ್ಲಿ ಆ್ಯಪ್ ಮೊದಲು ಬಂದುಬಿಡುವುದುಂಟು. ಆಗ ಟ್ರೇ ಸಿಗದೆ ಕೆಲವು ಆ್ಯಪ್‌ಗಳು ಐಕಾನ್ ಇಲ್ಲದೆಯೇ ಉಳಿಯುತ್ತವೆ. ಟ್ರೇ ಬಂದ ಮೇಲೆ ಮತ್ತೆ ಸೇರಿಕೊಳ್ಳಬೇಕು ಅಂತ ನಿಯಮ ಇದೆ, ಎಲ್ಲ ಆ್ಯಪ್‌ಗಳೂ ಅದನ್ನು ಪಾಲಿಸುವುದಿಲ್ಲ. ಎಷ್ಟೋ ಜನರ ಆಟೋಸ್ಟಾರ್ಟ್ ಫೈಲ್‌ಗಳಲ್ಲಿ 'ಎರಡು ಸೆಕೆಂಡ್ ಕಾಯಿ, ಆಮೇಲೆ ಆ್ಯಪ್ ತೆರೆ' ಅಂತ ಇರುವುದು ಇದಕ್ಕೇ.

ಇನ್ನೊಂದು ಲಾಭ ಹಳೆಯ ಕಂಪ್ಯೂಟರ್‌ಗೆ. ಆಂಟಿಎಕ್ಸ್ ಎಂಬ ಲಿನಕ್ಸ್ ವಿತರಣೆ ಐಸ್‌ಡಬ್ಲ್ಯೂಎಂ ಕೊಡುತ್ತದೆ, ಪಪ್ಪಿ ಲಿನಕ್ಸ್ ಜೆಡಬ್ಲ್ಯೂಎಂ ಕೊಡುತ್ತದೆ. ಎರಡೂ ಹಳೆಯ ಯಂತ್ರಗಳಿಗೆಂದೇ ಹೆಸರಾದವು. ಬೇರೆ ಬಾರ್ ಇಲ್ಲ, ಬೇರೆ ಟೂಲ್‌ಕಿಟ್ ಇಲ್ಲ, ಒಂದೇ ಪ್ರೋಗ್ರಾಂನಲ್ಲಿ ಪೂರ್ತಿ ಡೆಸ್ಕ್‌ಟಾಪ್. ಊರಿನ ಶಾಲೆಗೆ ಹಳೆಯ ಕಂಪ್ಯೂಟರ್ ಸರಿಮಾಡಿ ಕೊಡುವವರಿಗೆ, ಮನೆಯಲ್ಲಿ ಅಪ್ಪ ಅಮ್ಮನಿಗೆ ಹಳೆಯ ಲ್ಯಾಪ್‌ಟಾಪ್ ಹಾಕಿಕೊಡುವವರಿಗೆ ನಾನು ಯೋಚನೆ ಮಾಡದೆ ಐಸ್‌ಡಬ್ಲ್ಯೂಎಂ ಹೇಳುತ್ತೇನೆ. ಅದು ವಿಂಡೋಸ್ ನೋಡಿದ ಕಣ್ಣಿಗೆ ಪರಿಚಯದ್ದಾಗಿ ಕಾಣುತ್ತದೆ, ಟ್ರೇ ಇರಬೇಕಾದ ಮೂಲೆಯಲ್ಲೇ ಇರುತ್ತದೆ. ಜೆಡಬ್ಲ್ಯೂಎಂ ಹಾಕುವವರಿಗೆ ಒಂದು ಸೂಚನೆ: ಅದರ ಕಾನ್ಫಿಗ್ ಫೈಲ್‌ನಲ್ಲಿ 'ಟ್ರೇ' ಅಂದರೆ ಇಡೀ ಪಟ್ಟಿ. ಸಿಸ್ಟಂ ಟ್ರೇಗೆ 'ಡಾಕ್' ಎಂಬ ತುಣುಕು ಹಾಕಬೇಕು. ಆ ತುಣುಕು ಅಳಿಸಿಹೋದರೆ ಪಟ್ಟಿ ಇರುತ್ತದೆ, ಐಕಾನ್‌ಗಳು ಇರುವುದಿಲ್ಲ.

ತೊಂದರೆ ಎಲ್ಲಿ? ಒಳಗಿರುವ ಟ್ರೇ ಮ್ಯಾನೇಜರ್ ಬರೆದವರ ಆಯ್ಕೆಗೆ ಕಟ್ಟುಬಿದ್ದಿರುತ್ತದೆ. ಆಸಮ್‌ನಲ್ಲಿ ಟ್ರೇ ವಿಜೆಟ್ ಒಂದೇ ಇರಲು ಸಾಧ್ಯ, ಅದರ ಹಿನ್ನೆಲೆಯನ್ನು ನಿಜವಾಗಿ ಪಾರದರ್ಶಕ ಮಾಡಲಾಗುವುದಿಲ್ಲ. ಬಾರ್ ಬಣ್ಣಕ್ಕೆ ಹೊಂದುವ ಒಂದು ಬಣ್ಣ ಕೊಟ್ಟು ಸುಮ್ಮನಾಗಬೇಕು. ಅದು ಆಸಮ್‌ನ ತಪ್ಪು ಅನ್ನುವುದಕ್ಕಿಂತ ಎಕ್ಸ್‌ಎಂಬೆಡ್‌ನ ಗುಣ. ಆದರೆ ಬೇಡ ಅನ್ನಿಸಿದರೆ ಬೇರೆ ಟ್ರೇ ತಂದು ಆ ಬಾರ್‌ನ ಒಳಗೆ ಕೂರಿಸಲು ಬರುವುದಿಲ್ಲ. ಕಾನ್ಫಿಗ್ ಬದಲಿಸಿ ಮ್ಯಾನೇಜರ್‌ನ್ನು ಮರುಚಾಲನೆ ಮಾಡಿದಾಗಲೆಲ್ಲ ಐಕಾನ್‌ಗಳು ಕಳಚಿಕೊಂಡು ಮತ್ತೆ ಸೇರಬೇಕು, ಕೆಲವು ಸೇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಯಾವುದೋ ಆ್ಯಪ್ ಕೆಟ್ಟದಾಗಿ ನಡೆದುಕೊಂಡರೆ ಅದರ ಪೆಟ್ಟು ತಾಗುವುದು ನಿಮ್ಮ ವಿಂಡೋಗಳನ್ನೆಲ್ಲ ಹಿಡಿದಿರುವ ಪ್ರೋಗ್ರಾಂಗೆ.

ಈ ಗುಂಪಿನಲ್ಲಿ ಕ್ಯೂಟೈಲ್ ಸ್ವಲ್ಪ ಬೇರೆ. ಅದರಲ್ಲಿ ಎರಡು ವಿಜೆಟ್‌ಗಳಿವೆ, ಒಂದು ಎಕ್ಸ್‌ಎಂಬೆಡ್‌ಗೆ, ಇನ್ನೊಂದು ಎಸ್‌ಎನ್‌ಐಗೆ. ಪೈಥಾನ್ ಗೊತ್ತಿರುವವರಿಗೆ ಒಳಗಿನ ಟ್ರೇಯೂ ಬೇಕು, ನಾಳೆ ಎಕ್ಸ್11ರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ಗೂ ಹೋಗಬೇಕು ಅಂತಿದ್ದರೆ ಇದನ್ನೇ ನೋಡಿ.

ಜೊತೆಯಲ್ಲೇ ಬರುವ ಬಾರ್

ನನಗೆ ಹಿಡಿಸಿದ ದಾರಿ ಇದು. ಐ3 ಹಾಕಿದರೆ ಐ3ಬಾರ್ ಜೊತೆಗೇ ಬರುತ್ತದೆ. ಸ್ವೇ ಹಾಕಿದರೆ ಸ್ವೇಬಾರ್. ನೋಡುವವರಿಗೆ ಎಲ್ಲ ಒಂದೇ, ಒಳಗೆ ಎರಡು ಬೇರೆ ಬೇರೆ ಪ್ರೋಗ್ರಾಂ. ಮ್ಯಾನೇಜರ್ ತಾನೇ ಬಾರ್ ಶುರು ಮಾಡುತ್ತದೆ, ಅಷ್ಟೇ ಸಂಬಂಧ.

ಬಾರ್ ಬಿದ್ದುಹೋದರೆ ಏನಾಗುತ್ತದೆ ನೋಡಿ. ಐಕಾನ್‌ಗಳು ಹೋಗುತ್ತವೆ, ನಿಮ್ಮ ವಿಂಡೋಗಳು ಇದ್ದಲ್ಲೇ ಇರುತ್ತವೆ. ಟ್ರೇ ಬೇಡ ಅಂದರೆ ಬಾರ್ ವಿಭಾಗದಲ್ಲಿ ಟ್ರೇ ಔಟ್‌ಪುಟ್ ಎಂಬ ಸಾಲಿಗೆ 'ನನ್' ಕೊಟ್ಟರೆ ಸಾಕು. ಐ3ಯಲ್ಲಿ ಮುಖ್ಯ ಮಾನಿಟರ್‌ನಲ್ಲಿ ಮಾತ್ರ ಬೇಕು ಅಂದರೆ 'ಪ್ರೈಮರಿ'. ಐ3ಬಾರ್ ಹಿಡಿಸದಿದ್ದರೆ ಅದನ್ನು ತೆಗೆದು ಪಾಲಿಬಾರ್ ಹಾಕಿಕೊಳ್ಳಿ, ಐ3ಗೆ ಏನೂ ಅನ್ನಿಸುವುದಿಲ್ಲ. ಹೊಸಬರಿಗೆ ಮೊದಲ ದಿನವೇ ಟ್ರೇ ಸಿಗುತ್ತದೆ, ಹಳಬರಿಗೆ ಬೇಕಾದ ಹಾಗೆ ಬದಲಿಸುವ ಸ್ವಾತಂತ್ರ್ಯ ಉಳಿಯುತ್ತದೆ. ವಿಂಡೋ ಮ್ಯಾನೇಜರ್ ಬರೆಯುವವರು ಇದಕ್ಕಿಂತ ಹೆಚ್ಚು ಮಾಡಬೇಕಾಗಿಲ್ಲ, ಕಡಿಮೆಯೂ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಪದ್ಧತಿಯ ವಿಷಯ ಮರೆಯಬೇಡಿ. ಐ3ಬಾರ್‌ಗೆ ಗೊತ್ತಿರುವುದು ಎಕ್ಸ್‌ಎಂಬೆಡ್ ಮಾತ್ರ. ಸ್ವೇಬಾರ್‌ಗೆ ಗೊತ್ತಿರುವುದು ಎಸ್‌ಎನ್‌ಐ ಮಾತ್ರ. ಐ3 ಕಾನ್ಫಿಗ್ ಫೈಲನ್ನೇ ಸ್ವೇಗೆ ಒಯ್ಯಬಹುದು ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಕಾನ್ಫಿಗ್ ಹೋಗುತ್ತದೆ, ಐಕಾನ್‌ಗಳಲ್ಲಿ ಕೆಲವು ಹೋಗುವುದಿಲ್ಲ. ಐ3ಯಲ್ಲಿ ಹೊಸ ಪದ್ಧತಿಯ ಐಕಾನ್ ಬೇಕಾದರೆ ಎಸ್‌ಎನ್‌ಐಎಕ್ಸ್‌ಎಂಬೆಡ್ ಎಂಬ ಚಿಕ್ಕ ಪ್ರೋಗ್ರಾಂ ಇದೆ, ಅದು ಹೊಸದನ್ನು ಹಳೆಯದಕ್ಕೆ ತಿರುಗಿಸಿ ಕೊಡುತ್ತದೆ. ಆಟೋಸ್ಟಾರ್ಟ್‌ನಲ್ಲಿ ಎಲ್ಲಕ್ಕಿಂತ ಮೊದಲು ಅದನ್ನು ಹಾಕಿ.

ಹೊರಗಿನಿಂದ ತಂದು ಸೇರಿಸುವುದು

ಓಪನ್‌ಬಾಕ್ಸ್, ಬಿಎಸ್‌ಪಿಡಬ್ಲ್ಯೂಎಂ, ಎಕ್ಸ್‌ಮೊನಾಡ್, ಹೈಪರ್‌ಲ್ಯಾಂಡ್, ರಿವರ್, ನಿರಿ. ಇವು ವಿಂಡೋ ನೋಡಿಕೊಳ್ಳುತ್ತವೆ, ಉಳಿದದ್ದು ನಿಮಗೆ ಬಿಟ್ಟದ್ದು. 2008ರಿಂದ 2015ರವರೆಗೆ ಬಂದ ಕ್ರಂಚ್‌ಬ್ಯಾಂಗ್ ವಿತರಣೆ ಓಪನ್‌ಬಾಕ್ಸ್ ಜೊತೆ ಟಿಂಟ್2 ಎಂಬ ಬಾರ್ ಕೂಡಿಸಿ ಕೊಟ್ಟು ಬಹಳ ಜನರಿಗೆ ಈ ದಾರಿ ಕಲಿಸಿತು. ಅದರ ಮುಂದುವರಿಕೆಯಾಗಿ ಬಂದ ಬನ್‌ಸೆನ್‌ಲ್ಯಾಬ್ಸ್ ಕೂಡ ಅದೇ ಜೋಡಿಯನ್ನು ಉಳಿಸಿಕೊಂಡಿತು. ಗಮನಿಸಿ, ಅಲ್ಲಿ ಓಪನ್‌ಬಾಕ್ಸ್‌ಗೆ ಟ್ರೇ ಇಲ್ಲದಿದ್ದರೂ ಬಳಸುವವರಿಗೆ ಟ್ರೇ ಸಿಕ್ಕಿತು. ಜೋಡಿಸುವ ಕೆಲಸವನ್ನು ವಿತರಣೆಯವರು ಮಾಡಿದರು. ಯಾರಾದರೂ ಒಬ್ಬರು ಈ ಕೆಲಸ ಮಾಡಲೇಬೇಕು. ಅವರು ಮಾಡದಿದ್ದರೆ ಅದು ನಿಮ್ಮ ಭಾನುವಾರ.

ಎಕ್ಸ್11ನಲ್ಲಿ ಟಿಂಟ್2, ಪಾಲಿಬಾರ್ ಎರಡೂ ಎಕ್ಸ್‌ಎಂಬೆಡ್ ಟ್ರೇ ಕೊಡುತ್ತವೆ. ಬಾರ್ ಬೇಡ, ಟ್ರೇ ಮಾತ್ರ ಸಾಕು ಅನ್ನುವವರಿಗೆ ಟ್ರೇಯರ್ ಮತ್ತು ಸ್ಟಾಲೋನ್‌ಟ್ರೇ ಇವೆ. ಎಕ್ಸ್‌ಮೊನಾಡ್ ಬಳಸುವವರು ಎಕ್ಸ್‌ಮೊಬಾರ್ ಪಕ್ಕ ಟ್ರೇಯರ್ ಕೂರಿಸುವುದು ರೂಢಿ. ಅದರಲ್ಲಿ ಐಕಾನ್ ಹೆಚ್ಚಾದಾಗ ಟ್ರೇ ಬಂದು ಗಡಿಯಾರದ ಮೇಲೆ ಕೂರದಂತೆ ಅಗಲ ಹೊಂದಿಸುವುದು ಒಂದು ಪ್ರತ್ಯೇಕ ಕಸರತ್ತು. ಎರಡು ಟ್ರೇ ಒಟ್ಟಿಗೆ ಶುರುವಾಗದಂತೆ ನೋಡಿಕೊಳ್ಳಿ. ಪಾಲಿಬಾರ್ 'ಟ್ರೇ ಆಗಲೇ ಬೇರೆಯವರ ಕೈಯಲ್ಲಿದೆ' ಎಂಬರ್ಥದ ದೂರು ಹೇಳಿದರೆ ಇನ್ನೊಂದು ಟ್ರೇ ಎಲ್ಲೋ ಓಡುತ್ತಿದೆ ಅಂತಲೇ ಅರ್ಥ.

ಜಾಸ್ತಿ ಜನ ಯೋಚಿಸದ ಒಂದು ಒಳ್ಳೆಯ ಆಯ್ಕೆ ಎಕ್ಸ್‌ಎಫ್‌ಸಿಇ ಪ್ಯಾನೆಲ್, ಅಂದರೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನ ಬಾರ್. ಅದನ್ನು ಮಾತ್ರ ಹಾಕಿಕೊಂಡು ಓಪನ್‌ಬಾಕ್ಸ್ ಅಥವಾ ಐ3 ಜೊತೆ ಓಡಿಸಬಹುದು. 2020ರ ಕೊನೆಗೆ ಬಂದ 4.16ರಿಂದ ಅದರ ಟ್ರೇ ಪ್ಲಗಿನ್ ಹಳೆಯ, ಹೊಸ ಎರಡೂ ಪದ್ಧತಿಗಳನ್ನು ಒಂದೇ ಜಾಗದಲ್ಲಿ ತೋರಿಸುತ್ತದೆ. ಎಕ್ಸ್11ನಲ್ಲಿ ಇನ್ನೂ ಕೆಲವು ವರ್ಷ ಇರುವವರಿಗೆ, ತರ್ಜುಮೆ ಪ್ರೋಗ್ರಾಂಗಳ ಸಹವಾಸವೇ ಬೇಡ ಅನ್ನುವವರಿಗೆ ಇದು ನೆಮ್ಮದಿಯ ದಾರಿ. ಪಾಲಿಬಾರ್‌ನಷ್ಟು ಚಂದ ಕಾಣದೆ ಇರಬಹುದು. ನನಗೆ ಐಕಾನ್ ಬರುವುದೇ ಮುಖ್ಯ.

ವೇಲ್ಯಾಂಡ್‌ನಲ್ಲಿ ಹೊರಗಿನ ಬಾರ್ ಅಂದರೆ ಹೆಚ್ಚಾಗಿ ವೇಬಾರ್. ಎಸ್‌ಎನ್‌ಐ ಟ್ರೇ ಇದೆ, ಮೆನು ಸರಿಯಾಗಿ ಬಿಚ್ಚಿಕೊಳ್ಳುತ್ತದೆ.

ಟ್ರೇ ಇಲ್ಲದೆಯೇ ಇರುವುದು

ಇಲ್ಲಿ ಎರಡು ಬೇರೆ ಬೇರೆ ಮನಸ್ಸುಗಳಿವೆ.

ಒಂದು ಡಿಡಬ್ಲ್ಯೂಎಂನದು. 2006ರಿಂದ ಇರುವ ಈ ಮ್ಯಾನೇಜರ್‌ನ ಮೂಲ ಕೋಡ್ 2000 ಸಾಲು ಮೀರಬಾರದು ಎಂದು ಬರೆದವರೇ ಗೆರೆ ಹಾಕಿಕೊಂಡಿದ್ದಾರೆ. ಟ್ರೇಗೆ ಅಲ್ಲಿ ಜಾಗವಿಲ್ಲ. ಬೇಕಾದವರು ಸಿಸ್‌ಟ್ರೇ ಪ್ಯಾಚ್ (ಮೂಲ ಕೋಡ್‌ಗೆ ಹಾಕುವ ತಿದ್ದುಪಡಿ) ಹಾಕಿಕೊಳ್ಳಬಹುದು, ಅದೇ ನೂರಾರು ಸಾಲು. ಬೇರೆ ಪ್ಯಾಚ್‌ಗಳೂ ಇದ್ದರೆ ಅವುಗಳ ಜೊತೆ ಜಗಳ ಬಿಡಿಸಬೇಕು. ಈ ನಿಲುವಿನ ಬಗ್ಗೆ ನನಗೆ ಗೌರವ ಇದೆ. ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿದ್ದಾರೆ. ಸಿ ಭಾಷೆ ಓದಬಲ್ಲವರು, ಕೋಡ್ ತಿದ್ದುವುದನ್ನು ಇಷ್ಟಪಡುವವರು ಹೋಗಬೇಕಾದ ಜಾಗ ಅದು.

ಇನ್ನೊಂದು ಗ್ನೋಮ್‌ನದು. 2011ರಲ್ಲಿ ಗ್ನೋಮ್ 3 ಬಂದಾಗ ಟ್ರೇ ಐಕಾನ್‌ಗಳು ಕೆಳಗಿನ ಮೆಸೇಜ್ ಟ್ರೇಗೆ ಹೋದವು. 2015ರ 3.16ರಲ್ಲಿ ಎಡ ಮೂಲೆಯ ಒಂದು ಸಣ್ಣ ಪಟ್ಟಿಗೆ ಸರಿದವು. 2017ರ 3.26ರಲ್ಲಿ ಪೂರ್ತಿ ತೆಗೆದರು. ಅವರ ವಾದದಲ್ಲಿ ಹುರುಳಿದೆ. ಪ್ರತಿ ಆ್ಯಪ್ ತನಗೆ ತೋಚಿದಂತೆ ಐಕಾನ್ ಇಡುತ್ತದೆ, ಒಂದರಲ್ಲಿ ಎಡ ಕ್ಲಿಕ್‌ಗೆ ಮೆನು, ಇನ್ನೊಂದರಲ್ಲಿ ಬಲ ಕ್ಲಿಕ್‌ಗೆ. ನೋಟಿಫಿಕೇಶನ್ ಇದ್ದ ಮೇಲೆ ಐಕಾನ್ ಯಾಕೆ ಅನ್ನುವುದೂ ಸರಿಯಾದ ಪ್ರಶ್ನೆ. ಆದರೆ ಆ್ಯಪ್ ಬರೆಯುವವರು ಬದಲಾಗಲಿಲ್ಲ. ಅದೇ ವರ್ಷ ಗ್ನೋಮ್‌ಗೆ ಮರಳಿದ ಉಬುಂಟು 17.10 ಆ್ಯಪ್‌ಇಂಡಿಕೇಟರ್ ಎಕ್ಸ್‌ಟೆನ್ಶನ್‌ನ್ನು ಜೊತೆಗೇ ಸೇರಿಸಿ ಕೊಟ್ಟಿತು. 2023ರಲ್ಲಿ ಗ್ನೋಮ್ 44 ತಾನೇ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳ ಪಟ್ಟಿಯೊಂದನ್ನು ತಂದಿತು, ಫ್ಲಾಟ್‌ಪ್ಯಾಕ್ ರೂಪದಲ್ಲಿ ಹಾಕಿಕೊಂಡ ಆ್ಯಪ್‌ಗಳಿಗೆ. ನೋಡಲು ಅದು ಟ್ರೇ ಅಲ್ಲ, ನೀಗಿಸುವ ಕೊರತೆ ಮಾತ್ರ ಟ್ರೇಯದ್ದೇ.

ಟ್ರೇ ಇಲ್ಲದೆ ಇರುತ್ತೇನೆ ಅನ್ನುವವರಿಗೆ ಕನ್ನಡದ ಗುರುತಿನ ಸಮಸ್ಯೆಗೆ ಒಂದು ಪರಿಹಾರ ಹೇಳುತ್ತೇನೆ. ಟರ್ಮಿನಲ್‌ನಲ್ಲಿ 'ಐಬಸ್ ಎಂಜಿನ್' ಎಂಬ ಆಜ್ಞೆ ಕೊಟ್ಟರೆ ಈಗ ನಡೆಯುತ್ತಿರುವ ಎಂಜಿನ್‌ನ ಹೆಸರು ಬರುತ್ತದೆ. ಎಫ್‌ಸಿಟಿಎಕ್ಸ್ 5 ಆದರೆ ಅದರ ರಿಮೋಟ್ ಆಜ್ಞೆಗೆ 'ಎನ್' ಆಯ್ಕೆ ಕೊಡಿ. ಆ ಹೆಸರಿನಲ್ಲಿ ಕನ್ನಡದ ಸಂಕೇತ ಇದ್ದರೆ 'ಕ' ಅಂತ, ಇಲ್ಲದಿದ್ದರೆ 'ಇಂ' ಅಂತ ತೋರಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಸ್ಟೇಟಸ್ ಬಾರ್‌ಗೆ ಹಾಕಿ. ಟ್ರೇಯ ಐಕಾನ್‌ಗಿಂತ ಇದು ಚೆನ್ನಾಗಿ ಕಾಣುತ್ತದೆ, ದೂರದಿಂದಲೂ ಓದಬಹುದು. ಟ್ರೇ ಇರುವವರೂ ಇದನ್ನು ಮಾಡಿಕೊಳ್ಳಬಹುದು.

ವೈನ್ ಮೂಲಕ ವಿಂಡೋಸ್ ಪ್ರೋಗ್ರಾಂ ಓಡಿಸುವವರು ಗಮನಿಸಬೇಕಾದ್ದು: ಟ್ರೇ ಸಿಗದಿದ್ದರೆ ವೈನ್ ಐಕಾನ್‌ಗಳಿಗಾಗಿ ತಾನೇ ಒಂದು ಪುಟ್ಟ ವಿಂಡೋ ತೆರೆಯುವುದುಂಟು. ವಿಂಡೋಗಳನ್ನು ಹಂಚು ಹಾಕಿದಂತೆ ಪಕ್ಕಪಕ್ಕ ಜೋಡಿಸುವ ಟೈಲಿಂಗ್ ಮ್ಯಾನೇಜರ್‌ನಲ್ಲಿ ಅದು ಪರದೆಯ ಅರ್ಧ ಜಾಗ ಹಿಡಿದು ಕೂರುತ್ತದೆ. ಅದನ್ನು ಫ್ಲೋಟಿಂಗ್ ಮಾಡುವ ನಿಯಮವೊಂದನ್ನು ಬರೆದಿಡಿ.

ವೇಲ್ಯಾಂಡ್‌ಗೆ ಬಂದರೆ

ಇಲ್ಲಿ ನನ್ನ ವಾದ ಇನ್ನೂ ಬಲವಾಗುತ್ತದೆ. ಎಕ್ಸ್11ನಲ್ಲಿ ವಿಂಡೋ ಮ್ಯಾನೇಜರ್ ಬಿದ್ದರೆ ಅದೊಂದೇ ಬೀಳುತ್ತದೆ. ಆ್ಯಪ್‌ಗಳು ಬದುಕಿರುತ್ತವೆ, ಮ್ಯಾನೇಜರ್ ಮತ್ತೆ ಶುರು ಮಾಡಿದರೆ ಆಯಿತು. ವೇಲ್ಯಾಂಡ್‌ನಲ್ಲಿ ವಿಂಡೋ ನೋಡಿಕೊಳ್ಳುವ ಕಂಪೋಸಿಟರೇ ಪರದೆಗೆ ಚಿತ್ರ ಕೊಡುವ ಡಿಸ್‌ಪ್ಲೇ ಸರ್ವರ್ ಕೂಡ. ಅದು ಬಿದ್ದರೆ ಸಾಮಾನ್ಯವಾಗಿ ತೆರೆದಿಟ್ಟ ಆ್ಯಪ್‌ಗಳೆಲ್ಲ ಬೀಳುತ್ತವೆ, ಉಳಿಸದ ಬರಹವೂ ಹೋಗುತ್ತದೆ. ಯಾವುದೋ ಚಾಟ್ ಆ್ಯಪ್ ಕಳಿಸಿದ ಕೆಟ್ಟ ಐಕಾನ್, ಉತ್ತರ ಕೊಡದೆ ನೇತಾಡುವ ಒಂದು ಡಿ-ಬಸ್ ಕರೆ ಅಂಥ ಜಾಗದ ಹತ್ತಿರ ಸುಳಿಯಲೇಬಾರದು. ಬಾರ್ ಬೇರೆಯಾಗಿದ್ದರೆ ಹೆಚ್ಚೆಂದರೆ ಬಾರ್ ನಿಲ್ಲುತ್ತದೆ.

ಬೇರೆ ಇಡುವುದಕ್ಕೆ ದಾರಿಯೂ ಸಿದ್ಧ ಇದೆ. ಲೇಯರ್ ಶೆಲ್ ಎಂಬ ಪ್ರೋಟೋಕಾಲ್ ಮೂಲಕ ಹೊರಗಿನ ಬಾರ್ ಪರದೆಯ ಅಂಚಿಗೆ ಅಂಟಿಕೊಂಡು ತನ್ನ ಜಾಗ ಕಾದಿರಿಸಿಕೊಳ್ಳಬಹುದು. ಸ್ವೇ, ಹೈಪರ್‌ಲ್ಯಾಂಡ್, ಲ್ಯಾಬ್‌ಡಬ್ಲ್ಯೂಸಿ, ಕೆಡಿಇಯ ಕೆವಿನ್ ಎಲ್ಲವೂ ಇದನ್ನು ಒಪ್ಪುತ್ತವೆ. ಗ್ನೋಮ್ ಒಪ್ಪುವುದಿಲ್ಲ, ಅಲ್ಲಿ ವೇಬಾರ್ ನಡೆಯುವುದಿಲ್ಲ. 2024ರ ಅಕ್ಟೋಬರ್‌ನಿಂದ ರಾಸ್ಪ್‌ಬೆರಿ ಪೈ ಓಎಸ್ ಕೂಡ ಲ್ಯಾಬ್‌ಡಬ್ಲ್ಯೂಸಿಗೆ ಬಂದಿದೆ, ಅದರ ಪ್ಯಾನೆಲ್ ಬೇರೆಯೇ ಪ್ರೋಗ್ರಾಂ. ಜೊತೆಗೇ ಕೊಟ್ಟಿದ್ದಾರೆ, ಒಳಗೆ ತುರುಕಿಲ್ಲ.

ಎಕ್ಸ್‌ಎಂಬೆಡ್‌ಗೆ ವೇಲ್ಯಾಂಡ್‌ನಲ್ಲಿ ಬದುಕಿಲ್ಲ. ಒಂದು ಆ್ಯಪ್‌ನ ವಿಂಡೋವನ್ನು ಇನ್ನೊಂದರೊಳಗೆ ಹಾಗೆ ಕೂರಿಸಲು ಅಲ್ಲಿ ಅವಕಾಶವಿಲ್ಲ. ಆದ್ದರಿಂದ ಹೊಸ ಬಾರ್ ಆರಿಸುವಾಗ ಎಸ್‌ಎನ್‌ಐ ಇದೆಯಾ, ಮೆನು ಬರುತ್ತದೆಯಾ ಎಂಬ ಎರಡನ್ನು ನೋಡಿ. ಬಣ್ಣ, ಫಾಂಟ್ ಆಮೇಲೆ.

ಯಾರಿಗೆ ಯಾವುದು

ಹಳೆಯ ಯಂತ್ರ, ಕಡಿಮೆ ಮೆಮೊರಿ, ಒಂದೇ ಮಾನಿಟರ್, ಬಳಸುವವರು ಕಂಪ್ಯೂಟರ್ ಹುಚ್ಚಿನವರಲ್ಲ: ಒಳಗೇ ಟ್ರೇ ಇರುವ ಐಸ್‌ಡಬ್ಲ್ಯೂಎಂ. ಇಲ್ಲಿ ನಾನು ಹೇಳಿದ ಅಪಾಯಗಳು ಚಿಕ್ಕವು, ಸರಳತೆಯ ಲಾಭ ದೊಡ್ಡದು. ಬಳಸುವವರಿಗೆ ಬೇಕಾಗುವುದು ನಾಲ್ಕೈದು ಐಕಾನ್, ಅವು ಬರುತ್ತವೆ.

ಮೊದಲ ಸಲ ಟೈಲಿಂಗ್ ಕಲಿಯುತ್ತಿರುವವರು ಐ3 ಅಥವಾ ಸ್ವೇ ಹಿಡಿಯಿರಿ. ಕೀಬೋರ್ಡ್ ಶಾರ್ಟ್‌ಕಟ್ ಕಲಿಯುವುದೇ ಸಾಕಷ್ಟಿರುತ್ತದೆ, ಅದರ ಜೊತೆ ಬಾರ್ ಕಟ್ಟುವ ಕೆಲಸ ಸೇರಿದರೆ ಬೇಸರ ಬಂದು ಬಿಟ್ಟುಬಿಡುತ್ತೀರಿ. ಹೈಪರ್‌ಲ್ಯಾಂಡ್‌ನ ಅಂದಕ್ಕೆ ಮನಸೋತು ನೇರವಾಗಿ ಅಲ್ಲಿಗೆ ಹೋಗುವವರು ಅದೇ ದಿನ ವೇಬಾರ್ ಕೂಡ ಹಾಕಿಕೊಳ್ಳಿ, ನಾಳೆಗೆ ಬಿಡಬೇಡಿ.

ಎರಡು ಮೂರು ಮಾನಿಟರ್ ಇದ್ದು ಎಲ್ಲದರಲ್ಲೂ ಐಕಾನ್ ಬೇಕು ಅಂದರೆ ಎಸ್‌ಎನ್‌ಐ ಬಿಟ್ಟು ಬೇರೆ ದಾರಿ ಇಲ್ಲ. ಎಕ್ಸ್11ನಲ್ಲೇ ಉಳಿಯಬೇಕು, ಆ್ಯಪ್‌ಗಳೂ ಹಳೆಯವು ಹೊಸವು ಬೆರೆತಿವೆ ಅಂದರೆ ಎಕ್ಸ್‌ಎಫ್‌ಸಿಇ ಪ್ಯಾನೆಲ್. ದಿನವಿಡೀ ಟರ್ಮಿನಲ್‌ನಲ್ಲಿ, ಚಾಟ್ ಕೂಡ ಬ್ರೌಸರ್‌ನಲ್ಲೇ ಅಂದರೆ ಟ್ರೇ ಇಲ್ಲದೆಯೂ ಆರಾಮವಾಗಿ ಇರಬಹುದು.

ಯಾವುದನ್ನೇ ಆರಿಸಿ, ಬದಲಿಸುವ ಮುಂಚೆ ಈಗಿನ ಡೆಸ್ಕ್‌ಟಾಪ್‌ನ ಟ್ರೇ ನೋಡಿ ಅಲ್ಲಿರುವ ಐಕಾನ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಬಾಣದ ಗುರುತಿನ ಹಿಂದೆ ಅಡಗಿದ್ದನ್ನೂ ಸೇರಿಸಿ. ಒಂದೊಂದಕ್ಕೂ ಹೊಸ ಕಡೆ ಏನು ವ್ಯವಸ್ಥೆ ಅಂತ ಪಕ್ಕದಲ್ಲಿ ಬರೆಯಿರಿ. ನೆಟ್‌ವರ್ಕ್ ಮ್ಯಾನೇಜರ್‌ನ ಆ್ಯಪ್ಲೆಟ್ ಸುಮ್ನೆ ಓಡಿಸಿದರೆ ಹಳೆಯ ಪದ್ಧತಿಯ ಐಕಾನ್ ಕೊಡುತ್ತದೆ, ಸ್ವೇಯಲ್ಲಿ ಕಾಣುವುದಿಲ್ಲ. ಆಜ್ಞೆಯ ಕೊನೆಗೆ 'ಇಂಡಿಕೇಟರ್' ಆಯ್ಕೆ ಸೇರಿಸಿದರೆ ಹೊಸ ಪದ್ಧತಿಯದ್ದು ಬರುತ್ತದೆ. ಟೆಲಿಗ್ರಾಂ, ಕೀಪಾಸ್‌ಎಕ್ಸ್‌ಸಿಯಂಥ, ಕ್ಯೂಟಿ ಎಂಬ ಟೂಲ್‌ಕಿಟ್‌ನಲ್ಲಿ ಕಟ್ಟಿದ ಆ್ಯಪ್‌ಗಳು ಎಸ್‌ಎನ್‌ಐ ಸಿಕ್ಕರೆ ಅದನ್ನೇ ಹಿಡಿಯುತ್ತವೆ, ಅವುಗಳ ಚಿಂತೆ ಕಡಿಮೆ. ಸಿಗ್ನಲ್‌ನಲ್ಲಿ ಟ್ರೇ ಸೆಟ್ಟಿಂಗ್‌ನ್ನು ನೀವೇ ಆನ್ ಮಾಡಬೇಕಾಗಬಹುದು. ಇದೆಲ್ಲ ಮುಗಿಯುವವರೆಗೆ 'ಮುಚ್ಚಿದರೆ ಟ್ರೇಗೆ ಹೋಗು' ಸೆಟ್ಟಿಂಗ್‌ನ್ನು ಎಲ್ಲ ಆ್ಯಪ್‌ಗಳಲ್ಲೂ ಆಫ್ ಇಟ್ಟಿರಿ.